ಹೊರೆ ಇಳಿದಲ್ಲಿ ಹುಟ್ಟಿದ ಪೇಟೆಗಳು

ಉತ್ತರ ಕನ್ನಡದಲ್ಲಿ ದೊಡ್ಡ ಊರೆಂಬುದಿಲ್ಲ. ಹತ್ತು ಸಾವಿರ ಚದರ ಕಿಲೋಮೀಟರಿಗೂ ತುಸು ಹೆಚ್ಚು ವಿಸ್ತಾರದ ಈ ಜಿಲ್ಲೆಯಲ್ಲಿ 2011ರ ಜನಗಣತಿಯ ಹೊತ್ತಿಗೂ ಒಂದು ಲಕ್ಷ ಜನಸಂಖ್ಯೆಯನ್ನು ಮುಟ್ಟಿದ ಪಟ್ಟಣ ಒಂದೂ ಇರಲಿಲ್ಲ. ಇರುವವೆಲ್ಲ ಸಣ್ಣ ಪೇಟೆಗಳು. ಒಂದು ಮುಖ್ಯ ಬೀದಿ, ಒಂದು ಬಸ್ ನಿಲ್ದಾಣ, ಮಂಗಳವಾರವೋ ಬುಧವಾರವೋ ನೆರೆಯುವ ಸಂತೆ, ಮೀನು ಮಾರುಕಟ್ಟೆ, ಎರಡು ಮೂರು ಭಾಷೆಗಳಲ್ಲಿ ನಡೆಯುವ ವ್ಯಾಪಾರ. ಹೊರಗಿನಿಂದ ಬಂದವರಿಗೆ ಒಂದರ ಹಾಗೆ ಇನ್ನೊಂದು ಕಾಣುವ ಈ ಪೇಟೆಗಳಲ್ಲಿ ವಾಸ್ತವವಾಗಿ ಯಾವುದೂ ಇನ್ನೊಂದರಂತಿಲ್ಲ. ಭಟ್ಕಳದ ಜನ ಬೇರೆ, ಅಂಕೋಲೆಯ ಜನ ಬೇರೆ. ಕಾರವಾರದ ಮಾತು ಶಿರಸಿಯ ಮಾತಲ್ಲ. ಕೇವಲ ಮೂವತ್ತು ನಲವತ್ತು ಕಿಲೋಮೀಟರುಗಳ ಅಂತರದಲ್ಲಿ ಇಷ್ಟೊಂದು ವ್ಯತ್ಯಾಸ ಹೇಗೆ ಬಂತು?

ಇದಕ್ಕೆ ಉತ್ತರ ನೆಲದಲ್ಲೇ ಇದೆ. ಸುಮಾರು 140 ಕಿಲೋಮೀಟರು ಉದ್ದದ ಕಡಲತೀರ, ಅದಕ್ಕೆ ಒತ್ತಿಕೊಂಡಂತೆ ಎದ್ದು ನಿಂತ ಸಹ್ಯಾದ್ರಿ, ಅದರಾಚೆ ನಿಧಾನವಾಗಿ ಬಯಲಿಗೆ ಇಳಿಯುವ ಎತ್ತರದ ನಾಡು. ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರು ಮೀರಿ ಮಳೆ ಸುರಿದರೆ ಜಿಲ್ಲೆಯ ಪೂರ್ವದ ಅಂಚಿನ ಮುಂಡಗೋಡದಲ್ಲಿ ಅದರ ಅರ್ಧವೂ ಇಲ್ಲ. ಈ ಮೂರು ಪಟ್ಟಿಗಳನ್ನು ಅಡ್ಡಕ್ಕೆ ಕತ್ತರಿಸಿಕೊಂಡು ನಾಲ್ಕು ನದಿಗಳು ಪಶ್ಚಿಮಕ್ಕೆ ಹರಿಯುತ್ತವೆ. ಉತ್ತರದಿಂದ ಹೆಸರಿಸುವುದಾದರೆ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ. ಕಡಲಿಗೆ ಸೇರುವ ಮುನ್ನ ಇವು ಅಗಲವಾಗಿ ಹರಡಿಕೊಳ್ಳುತ್ತವೆ. ಆ ಹಿನ್ನೀರಿನಲ್ಲಿ ದೋಣಿ ಒಂದಿಷ್ಟು ದೂರ ಒಳನಾಡಿಗೆ ಹೋಗಬಲ್ಲದು. ಅಲ್ಲಿಂದ ಮುಂದೆ ಘಟ್ಟ. ಘಟ್ಟವನ್ನು ದೋಣಿ ಏರಲಾರದು, ಎತ್ತು ಏರಬಲ್ಲದು.

ಎಲ್ಲಿ ಎತ್ತಿನ ಬೆನ್ನಿನಿಂದ ಹೊರೆ ಇಳಿದು ದೋಣಿಗೆ ಏರುತ್ತಿತ್ತೋ ಅಲ್ಲಿ ಪೇಟೆ ಹುಟ್ಟಿತು. ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯ ಐದೂ ತಾಲ್ಲೂಕು ಕೇಂದ್ರಗಳ ಹುಟ್ಟು ಹೆಚ್ಚುಕಡಿಮೆ ಇಷ್ಟೇ. ಹೊರೆ ಇಳಿದಲ್ಲಿ ಅದನ್ನು ತೂಗುವವನು ಬೇಕು, ಸಾಲ ಕೊಡುವವನು ಬೇಕು, ದೋಣಿ ನಡೆಸುವವನು, ಕೂಲಿ, ಕಮ್ಮಾರ, ಅನ್ನ ಹಾಕುವವನು ಬೇಕು. ಆಯಾ ದಾರಿಗೆ ಯಾವ ಸರಕು ಬಂತೋ ಅದಕ್ಕೆ ತಕ್ಕ ಜನ ಬಂದರು. ದಾರಿ ಬದಲಾದಾಗ ಸರಕು ಬೇರೆಡೆಗೆ ಹೋಯಿತು, ಬಂದ ಜನ ಉಳಿದರು.

ಮೆಣಸಿನ ಕಾಲ

ಹೊರೆ ನಿಂತರೆ ಊರು ಏನಾಗುತ್ತದೆ ಎಂಬುದಕ್ಕೆ ಗೇರುಸೊಪ್ಪೆಯೇ ಸಾಕ್ಷಿ. ಹೊನ್ನಾವರದಿಂದ ಶರಾವತಿಯ ಗುಂಟ ಸುಮಾರು 30 ಕಿಲೋಮೀಟರು ಒಳಗೆ, ದೋಣಿಯ ದಾರಿ ಮುಗಿದು ಘಟ್ಟದ ದಾರಿ ಆರಂಭವಾಗುವಲ್ಲಿ ಇದು ನಿಂತಿದೆ. ಹದಿನಾರನೆಯ ಶತಮಾನದಲ್ಲಿ ಇಲ್ಲಿ ರಾಣಿ ಚೆನ್ನಭೈರಾದೇವಿಯ ಆಳ್ವಿಕೆ. ಘಟ್ಟದ ಕಾಳುಮೆಣಸು ಅವಳ ಬಂದರುಗಳ ಮೂಲಕವೇ ಹೋಗಬೇಕಾಗಿದ್ದುದರಿಂದ ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಎಂದೇ ಕರೆದರು. ಮುಂದೆ ಕೆಳದಿಯ ನಾಯಕರ ಕೈ ಮೇಲಾಗಿ ಗೇರುಸೊಪ್ಪೆಯ ರಾಜ್ಯ ಅಳಿಯಿತು, ವ್ಯಾಪಾರ ಬೇರೆ ದಾರಿ ಹಿಡಿಯಿತು. ಕಾಡಿನೊಳಗಿನ ನಗರಬಸ್ತಿಕೇರಿಯ ಚತುರ್ಮುಖ ಬಸದಿಯನ್ನು ನೋಡಿದವರಿಗೆ ಮಾತ್ರ ಇಲ್ಲೊಂದು ನಗರವಿತ್ತೆಂದು ನಂಬಿಕೆ ಬಂದೀತು.

ಹೊನ್ನಾವರ ಇನ್ನೂ ಹಳೆಯದು. ಹದಿನಾಲ್ಕನೆಯ ಶತಮಾನದಲ್ಲಿ ಇಲ್ಲಿಗೆ ಬಂದಿದ್ದ ಮೊರೊಕ್ಕೊದ ಪ್ರವಾಸಿ ಇಬ್ನ್ ಬತೂತ ಈ ಊರಿನಲ್ಲಿ ಹುಡುಗಿಯರಿಗಾಗಿ 13 ಮತ್ತು ಹುಡುಗರಿಗಾಗಿ 23 ಶಾಲೆಗಳನ್ನು ಕಂಡುದಾಗಿ ಬರೆದಿದ್ದಾನೆ. ಹುಡುಗಿಯರ ಶಾಲೆಯನ್ನು ಎಣಿಸಿ ಬರೆಯಬೇಕೆಂದು ಅವನಿಗೆ ತೋರಿತೆಂದರೆ ಅದು ಅವನಿಗೂ ಹೊಸತಾಗಿಯೇ ಕಂಡಿರಬೇಕು.

ಭಟ್ಕಳಕ್ಕೆ ಬಂದದ್ದು ಕುದುರೆ. ವಿಜಯನಗರದ ಸೈನ್ಯಕ್ಕೆ ಬೇಕಾದ ಅರಬ್ಬೀ ಕುದುರೆಗಳು ಕಡಲು ದಾಟಿ ಇಳಿಯುತ್ತಿದ್ದ ಬಂದರುಗಳಲ್ಲಿ ಇದೂ ಒಂದು. ಕಡಲ ವ್ಯಾಪಾರದ ಜೊತೆ ಬಂದು ನೆಲೆಸಿದ ಅರಬ್ ಮತ್ತು ಪರ್ಷಿಯನ್ ಮೂಲದವರ ಸಂತತಿಯೇ ಇಂದಿನ ನವಾಯತರು. ಅವರ ಮನೆಮಾತು ನವಾಯತಿ. ಅದರ ಒಡಲು ಕೊಂಕಣಿಯದು, ಅದರಲ್ಲಿ ಅರಬ್ಬೀ ಪಾರಸಿ ಶಬ್ದಗಳು ಧಾರಾಳ, ಬರೆಯುವ ಲಿಪಿ ಪರ್ಷಿಯನ್ ಮಾದರಿಯದು. ಅದೇ ಊರಿನಲ್ಲಿ ಜೈನರ ಕಲ್ಲಿನ ಬಸದಿಯಿದೆ, ಕೊಂಕಣಿ ವ್ಯಾಪಾರಿ ಕುಟುಂಬವೊಂದು ಕಟ್ಟಿಸಿದ ಖೇತಪೈ ನಾರಾಯಣ ದೇವಸ್ಥಾನವಿದೆ. ಬಂದರಿನ ಕಾಲ ಮುಗಿದರೂ ನವಾಯತರು ಕಡಲು ದಾಟುವುದನ್ನು ಬಿಡಲಿಲ್ಲ. ಮೊದಲು ಮುಂಬಯಿ, ಮದರಾಸು, ಕೊಲಂಬೊ. ಎಪ್ಪತ್ತರ ದಶಕದ ನಂತರ ಕೊಲ್ಲಿಯ ದೇಶಗಳು. ಅಂಜುಮನ್ ಸಂಸ್ಥೆ 1919ರಷ್ಟು ಹಿಂದೆಯೇ ಇಲ್ಲಿ ಶಾಲೆ ತೆರೆಯಲು ಸಾಧ್ಯವಾದುದರ ಹಿಂದೆ ಇಂಥ ಹೊರಗಿನ ದುಡಿಮೆಯಿದೆ. ಪತ್ರಿಕೆಗಳ ಮುಖಪುಟದಲ್ಲಿ ಭಟ್ಕಳ ಕಾಣಿಸಿಕೊಳ್ಳುವುದು ಹೆಚ್ಚಾಗಿ ಗಲಭೆಯ ಸಂದರ್ಭದಲ್ಲಿ. ಅದರಿಂದ ಈ ಪೇಟೆಗೆ ಆಗಿರುವ ಅನ್ಯಾಯ ಸಣ್ಣದಲ್ಲ.

ಕುಮಟಾ ಎಂಬ ಹೆಸರಿನ ಹತ್ತಿ

ಹತ್ತೊಂಬತ್ತನೆಯ ಶತಮಾನದ ಲಂಡನ್, ಲಿವರ್‌ಪೂಲ್ ಮಾರುಕಟ್ಟೆಗಳಲ್ಲಿ ಕುಮಟಾ ಎಂದರೆ ಒಂದು ಊರಲ್ಲ, ಒಂದು ಬಗೆಯ ಹತ್ತಿ. ತಮಾಷೆಯೆಂದರೆ ಕುಮಟೆಯಲ್ಲಿ ಹತ್ತಿ ಬೆಳೆಯುವುದೇ ಇಲ್ಲ. ಅಷ್ಟು ಮಳೆಯಲ್ಲಿ ಹತ್ತಿಗಿಡ ಕೊಳೆತೇ ಹೋದೀತು. ಹತ್ತಿ ಧಾರವಾಡ ಸೀಮೆಯ ಕಪ್ಪು ನೆಲದ್ದು. ಹುಬ್ಬಳ್ಳಿಯ ಕಡೆಯಿಂದ ಎತ್ತುಗಳ ಮೇಲೆ, ಬಳಿಕ ಗಾಡಿಗಳಲ್ಲಿ, ಶಿರಸಿಗೆ ಬಂದು ದೇವಿಮನೆ ಘಟ್ಟ ಇಳಿದು ಕುಮಟೆಯಲ್ಲಿ ಪತ್ತೇಮಾರಿ ಹಡಗುಗಳನ್ನು ಏರಿ ಮುಂಬಯಿಗೆ ಹೋಗುತ್ತಿತ್ತು. ಹೊರಟ ಬಂದರಿನ ಹೆಸರೇ ಸರಕಿಗೆ ಅಂಟಿತು. ಮರಳಿ ಘಟ್ಟ ಏರುವ ಎತ್ತುಗಳು ಬರಿದೇ ಹೋಗುತ್ತಿರಲಿಲ್ಲ. ಸಾಣಿಕಟ್ಟೆಯ ಉಪ್ಪು, ತೆಂಗಿನಕಾಯಿ, ಒಣಮೀನು ಬಯಲುಸೀಮೆಗೆ ಹೋಗುತ್ತಿತ್ತು. ಮಳೆಗಾಲದ ನಾಲ್ಕು ತಿಂಗಳು ಕಡಲು ಮುಚ್ಚಿದಾಗ ಎಲ್ಲವೂ ಸ್ತಬ್ಧ.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಗಿ ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತಾಗ ಈ ದಾರಿಗೆ ಎಲ್ಲಿಲ್ಲದ ಬೆಲೆ ಬಂತು. ಕುಮಟೆಗಿಂತ ಉತ್ತರಕ್ಕೆ, ಕಾಳಿ ನದಿಯ ಬಾಯಲ್ಲಿ, ಆಳವಾದ ನೈಸರ್ಗಿಕ ಬಂದರು ಇದ್ದುದನ್ನು ವ್ಯಾಪಾರಿಗಳು ಕಂಡಿದ್ದರು. ಆದರೆ ಆಗ ಕೆನರಾ ಪ್ರದೇಶವೆಲ್ಲ ಮದರಾಸಿನ ಆಡಳಿತಕ್ಕೆ ಸೇರಿದ್ದು. ಮದರಾಸಿಗೆ ಪಶ್ಚಿಮದ ಈ ಮೂಲೆಯ ಮೇಲೆ ಆಸ್ಥೆ ಇರಲಿಲ್ಲ. ಒತ್ತಾಯ ಹೆಚ್ಚಿದಂತೆ 1862ರಲ್ಲಿ ಉತ್ತರ ಕೆನರಾವನ್ನು ಮುಂಬಯಿ ಪ್ರಾಂತಕ್ಕೆ ವರ್ಗಾಯಿಸಲಾಯಿತು. ದಕ್ಷಿಣ ಕೆನರಾ ಮದರಾಸಿನಲ್ಲೇ ಉಳಿಯಿತು. ಒಂದೇ ಕರಾವಳಿ ಎರಡು ಪ್ರಾಂತಗಳಾಗಿ ಹೋಳಾಗುವುದರಲ್ಲಿ ಹತ್ತಿಯ ವ್ಯಾಪಾರದ ಪಾಲು ದೊಡ್ಡದು. ಮ್ಯಾಂಚೆಸ್ಟರಿನ ಕಂಪನಿಯೊಂದು ಹತ್ತಿ ಒತ್ತುವ ಯಂತ್ರಗಳನ್ನು ಹಡಗಿನಲ್ಲಿ ತಂದು ಸದಾಶಿವಗಡದ ಬಳಿ ಇಳಿಸಿದಾಗ ಅವುಗಳನ್ನು ಮೇಲಕ್ಕೆ ಸಾಗಿಸಲು ರಸ್ತೆಯೇ ಸಿದ್ಧವಾಗಿರಲಿಲ್ಲ. ಹೀಗೆ ಹುಟ್ಟಿದ್ದು ಇಂದಿನ ಕಾರವಾರ. ಹಳೆಯ ಬೇರುಗಳಿದ್ದರೂ ಜಿಲ್ಲಾ ಕೇಂದ್ರವಾಗಿ, ಕಚೇರಿಗಳ ಊರಾಗಿ ಅದು ಬೆಳೆದದ್ದು ಈ ಅವಸರದಲ್ಲಿ. ನ್ಯಾಯಾಧೀಶರಾಗಿ ಇಲ್ಲಿಗೆ ಬಂದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ 1883ರಲ್ಲಿ ತಂಗಿದ್ದ ರವೀಂದ್ರನಾಥ ಠಾಕೂರರು 'ಪ್ರಕೃತಿರ್ ಪ್ರತಿಶೋಧ' ನಾಟಕವನ್ನು ಬರೆದದ್ದೂ ಇಲ್ಲಿಯೇ.

ಆದರೆ ಹತ್ತಿ ಹೆಚ್ಚು ಕಾಲ ನಿಲ್ಲಲಿಲ್ಲ. ಅಮೆರಿಕದ ಯುದ್ಧ 1865ರಲ್ಲಿ ಮುಗಿಯಿತು. 1880ರ ದಶಕದ ಕೊನೆಗೆ ಹುಬ್ಬಳ್ಳಿ, ಧಾರವಾಡಗಳಿಗೆ ರೈಲು ಬಂದು ಗೋವೆಯ ಮಾರ್ಮಗೋವಾ ಬಂದರಿಗೆ ಕೂಡಿಕೊಂಡಿತು. ಆ ರೈಲು ಘಟ್ಟ ಏರುವುದು ಇದೇ ಜಿಲ್ಲೆಯ ಮೂಲೆಯ ಕ್ಯಾಸಲ್‌ರಾಕ್‌ನಲ್ಲಿ ಎಂಬುದು ಗಮನಿಸಬೇಕಾದ ಸಂಗತಿ. ಜಿಲ್ಲೆಯ ನೆಲದ ಮೇಲೆಯೇ ಹಾದ ಕಂಬಿಗಳು ಜಿಲ್ಲೆಯ ಬಂದರುಗಳನ್ನು ಒಣಗಿಸಿದವು. ಎತ್ತಿಗೆ ಹಲವು ದಿನಗಳ ಹಾದಿಯನ್ನು ರೈಲು ಒಂದು ಹಗಲಿನಲ್ಲಿ ಮುಗಿಸುವಾಗ ದೇವಿಮನೆ ಘಟ್ಟ ಇಳಿಯುವವರಾರು? ಕುಮಟೆಯ ಹತ್ತಿಯ ದಿನಗಳು ಒಂದು ತಲೆಮಾರಿನೊಳಗೆ ಕಥೆಯಾದವು.

ಉಳಿದವರು ಯಾರು? ದಲ್ಲಾಳಿ ವ್ಯವಹಾರ ಮಾಡುತ್ತಿದ್ದ ಗೌಡ ಸಾರಸ್ವತರು ಅಂಗಡಿ, ಬ್ಯಾಂಕು, ಶಾಲೆಗಳತ್ತ ಹೊರಳಿದರು. ಗಂಧ ಮತ್ತು ದಂತದ ಕೆತ್ತನೆಗೆ ಹೆಸರಾದ ಗುಡಿಗಾರರು ಕುಮಟಾ, ಹೊನ್ನಾವರಗಳಲ್ಲಿಯೂ ಘಟ್ಟದ ಮೇಲೆಯೂ ಉಳಿದರು. ದೋಣಿ ನಡೆಸುತ್ತಿದ್ದ ಅಂಬಿಗರು, ಮೀನು ಹಿಡಿಯುವ ಖಾರ್ವಿ, ಹರಿಕಂತ್ರ, ಮೊಗೇರರು ನದೀಮುಖಗಳಲ್ಲೇ ಇದ್ದರು. ಇವರೆಲ್ಲ ಮೀನುಗಾರರೆಂದು ಒಂದೇ ಮಾತಿನಲ್ಲಿ ಹೇಳಿಬಿಡುವುದು ರೂಢಿ. ಆದರೆ ಖಾರ್ವಿಗಳ ಮನೆಮಾತು ಕೊಂಕಣಿ, ಅಂಬಿಗರದು ಕನ್ನಡ. ಕಡಲಿನ ಬಲೆ ಬೇರೆ, ಹೊಳೆಯ ಬಲೆ ಬೇರೆ.

ಪೇಟೆಗೂ ಘಟ್ಟದ ಬುಡಕ್ಕೂ ನಡುವಣ ಕೊಪ್ಪಗಳಲ್ಲಿ ಹಾಲಕ್ಕಿ ಒಕ್ಕಲಿಗರಿದ್ದಾರೆ. ಇವರನ್ನು ಯಾವ ದಾರಿಯೂ ತಂದುದಲ್ಲ. ದಾರಿಗಿಂತ ಮುಂಚೆಯೇ ಅವರಿದ್ದರು ಎನ್ನಬಹುದು. ಪೇಟೆಗೆ ತರಕಾರಿ, ಸೌದೆ, ಹಾಲು ಒದಗಿಸಿದವರು ಅವರೇ. ಹಾಡಿನ ಕಣಜವೆನಿಸಿದ್ದ ಸುಕ್ರಿ ಬೊಮ್ಮಗೌಡ, ಲೆಕ್ಕವಿಲ್ಲದಷ್ಟು ಗಿಡಗಳನ್ನು ಬೆಳೆಸಿದ ತುಳಸಿ ಗೌಡ ಇಬ್ಬರೂ ಅಂಕೋಲಾ ತಾಲ್ಲೂಕಿನವರು, ಇಬ್ಬರಿಗೂ ಪದ್ಮಶ್ರೀ ಬಂದಿತ್ತು. ತುಳಸಿ ಗೌಡ 2024ರ ಡಿಸೆಂಬರಿನಲ್ಲಿ, ಸುಕ್ರಿ ಬೊಮ್ಮಗೌಡ 2025ರ ಫೆಬ್ರುವರಿಯಲ್ಲಿ ತೀರಿಕೊಂಡರು. ಪರಿಶಿಷ್ಟ ಪಂಗಡಕ್ಕೆ ತಮ್ಮನ್ನು ಸೇರಿಸಬೇಕೆಂಬ ಈ ಸಮುದಾಯದ ಬೇಡಿಕೆ ಅವರ ಜೀವಿತಕಾಲದಲ್ಲಿ ಈಡೇರಲಿಲ್ಲ.

ಅಂಕೋಲೆಯ ಸ್ವಭಾವವೇ ಬೇರೆ. ಅದು ವ್ಯಾಪಾರಿಗಳ ಊರಾಗುವುದಕ್ಕಿಂತ ರೈತರ ಊರಾಗಿ ಬೆಳೆದದ್ದು. ಬಿತ್ತಿ ಬೆಳೆವ ನಾಡವರು ಇಲ್ಲಿ ಪ್ರಬಲರು. 1930ರ ಉಪ್ಪಿನ ಸತ್ಯಾಗ್ರಹಕ್ಕೆ ಕರ್ನಾಟಕದಲ್ಲಿ ಅಂಕೋಲೆ ಕೇಂದ್ರವಾಯಿತು; ಬೆನ್ನಿಗೇ ಬಂದ ಕರನಿರಾಕರಣೆಯಲ್ಲಿ ಹೊಲ ಮನೆ ಕಳೆದುಕೊಂಡರೂ ಜನ ಬಗ್ಗಲಿಲ್ಲ. ಕರ್ನಾಟಕದ ಬಾರ್ಡೋಲಿ ಎಂಬ ಹೆಸರು ಬಂದದ್ದು ಆಗ. ಇದೇ ತಾಲ್ಲೂಕಿನ ದಿನಕರ ದೇಸಾಯಿಯವರು ಗೇಣಿದಾರರನ್ನು ಸಂಘಟಿಸಿದರು, 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿ ಹಳ್ಳಿಹಳ್ಳಿಗೆ ಪ್ರೌಢಶಾಲೆ ತಂದರು. ಚುಟುಕದ ಕವಿಯೆಂದು ಅವರನ್ನು ನೆನೆಯುವವರು ಈ ಕೆಲಸವನ್ನು ಮರೆಯುವುದುಂಟು. ಗೇಣಿ ಪದ್ಧತಿ ಇಡೀ ಜಿಲ್ಲೆಯಲ್ಲಿ ಬಲವಾಗಿ ಬೇರೂರಿದ್ದುದರಿಂದ 1974ರ ಭೂಸುಧಾರಣೆ ಇಲ್ಲಿ ಉಂಟುಮಾಡಿದಷ್ಟು ಬದಲಾವಣೆಯನ್ನು ರಾಜ್ಯದ ಅನೇಕ ಜಿಲ್ಲೆಗಳಲ್ಲಿ ಉಂಟುಮಾಡಲಿಲ್ಲ. ನಾಮಧಾರಿ, ಹಾಲಕ್ಕಿ, ಪಟಗಾರ ಮನೆಗಳ ಮಕ್ಕಳು ಪೇಟೆಗೆ ಮಾರುವವರಾಗಿ ಮಾತ್ರವಲ್ಲ, ಓದುವವರಾಗಿ, ನೌಕರರಾಗಿ ಬಂದದ್ದು ಆ ಬಳಿಕ.

ಘಟ್ಟದ ಮೇಲೆ

ಘಟ್ಟದ ಮೇಲಿನ ಪೇಟೆಗಳ ರೀತಿ ಬೇರೆ. ಶಿರಸಿ ದಾರಿಯ ತಂಗುದಾಣವಾಗಿದ್ದುದು ನಿಜ, ಆದರೆ ಅದನ್ನು ಉಳಿಸಿದ್ದು ಅಡಿಕೆ. ಕಣಿವೆಯ ತಂಪಿನಲ್ಲಿ ಹವ್ಯಕರ ತೋಟ, ತೋಟದ ಮೇಲಿನ ಗುಡ್ಡದಲ್ಲಿ ಗೊಬ್ಬರದ ಸೊಪ್ಪಿಗಾಗಿ ಬೆಟ್ಟ. ಮನೆಗಳು ಒಂದಕ್ಕೊಂದು ದೂರ. ಹೀಗೆ ಚದುರಿದ ಜನಕ್ಕೆ ವಾರಕ್ಕೊಮ್ಮೆ ಸೇರಲು, ಅಡಿಕೆ ಮಾರಲು ಒಂದು ಪೇಟೆ ಬೇಕು. ದಲ್ಲಾಳಿಗಳ ಹಿಡಿತದಿಂದ ಬಿಡಿಸಿಕೊಳ್ಳಲು ಬೆಳೆಗಾರರು 1923ರಲ್ಲಿಯೇ ತೋಟಗಾರರ ಮಾರಾಟ ಸಹಕಾರಿ ಸಂಘ ಕಟ್ಟಿಕೊಂಡರು. ರೈಲು ಬಂದು ಹತ್ತಿ ಹೋದಾಗ ಕುಮಟೆ ಸೊರಗಿತು, ಶಿರಸಿ ಸೊರಗಲಿಲ್ಲ. ಸರಕು ತನ್ನ ಕಾಲಬುಡದಲ್ಲೇ ಬೆಳೆಯುವ ಊರಿಗೆ ಇದೊಂದು ಅನುಕೂಲ. 2019ರಲ್ಲಿ ಶಿರಸಿ ಸುಪಾರಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಆದರೂ ಶಿರಸಿಯನ್ನು ಹವ್ಯಕರ ಊರೆಂದಷ್ಟೇ ತಿಳಿದರೆ ತಪ್ಪು. ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆಯ ಜಾತ್ರೆಯಲ್ಲಿ ಒಂದೊಂದು ಸೇವೆಗೆ ಒಂದೊಂದು ಜಾತಿಯ ಹಕ್ಕುದಾರರು ಬರುವುದನ್ನು ಕಂಡರೆ ಈ ಪೇಟೆಯನ್ನು ಎಷ್ಟು ಕೈಗಳು ಕೂಡಿ ಕಟ್ಟಿವೆಯೆಂದು ತಿಳಿಯುತ್ತದೆ. ಜಾತ್ರೆಯಿಲ್ಲದ ವರ್ಷ ಹೋಳಿಯ ರಾತ್ರಿಗಳಲ್ಲಿ ಬೇಡರ ವೇಷ ಬೀದಿಗಿಳಿಯುತ್ತದೆ.

ಯಲ್ಲಾಪುರ, ಹಳಿಯಾಳಗಳ ಕಾಡಂಚಿನಲ್ಲಿ ಸಿದ್ದಿಯರಿದ್ದಾರೆ. ಅವರೂ ಕಡಲಿನಿಂದ ಬಂದವರೇ, ಆದರೆ ವ್ಯಾಪಾರಿಗಳಾಗಿ ಅಲ್ಲ, ಸರಕಾಗಿ. ಆಫ್ರಿಕದಿಂದ ಗುಲಾಮರಾಗಿ ತರಲ್ಪಟ್ಟು, ಗೋವೆಯ ಕಡೆಯಿಂದ ತಪ್ಪಿಸಿಕೊಂಡೋ ಬಿಡುಗಡೆಗೊಂಡೋ ಘಟ್ಟದ ಕಾಡು ಸೇರಿದವರ ಮಕ್ಕಳು. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಮತಗಳಲ್ಲಿ ಹಂಚಿಹೋದರೂ ಸಿದ್ದಿ ಎಂಬ ಗುರುತು ಉಳಿದಿದೆ. ಅವರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಮುಂಡಗೋಡದ ಬಳಿ 1966ರಿಂದ ನೆಲೆಸಿದ ಟಿಬೆಟನ್ನರ ಗೋವಿನಜೋಳದ ಹೊಲಗಳೂ ಮಠಗಳೂ ಆ ಪೇಟೆಯ ಚಹರೆಯನ್ನೇ ಬದಲಿಸಿವೆ. ದಾಂಡೇಲಿಯನ್ನು ಬೆಳೆಸಿದ್ದು ಮರ ಮತ್ತು 1955ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆ. ಸೂಪಾ ಎಂಬ ಪೇಟೆ ಈಗ ಇಲ್ಲವೇ ಇಲ್ಲ. ಕಾಳಿಗೆ ಕಟ್ಟಿದ ಅಣೆಕಟ್ಟಿನ ಹಿನ್ನೀರಿನಲ್ಲಿ 1980ರ ದಶಕದಲ್ಲಿ ಅದು ಮುಳುಗಿತು. ಅಲ್ಲಿನವರಲ್ಲಿ ಅನೇಕರು ರಾಮನಗರಕ್ಕೆ ಹೋದರು, ತಾಲ್ಲೂಕು ಕಚೇರಿ ಜೊಯಿಡಾಕ್ಕೆ ಹೋಯಿತು.

ದಿಕ್ಕು ಬದಲಿಸಿದ ದಾರಿ

ಶತಮಾನಗಳ ಕಾಲ ಈ ಜಿಲ್ಲೆಯ ದಾರಿಗಳೆಲ್ಲ ಪೂರ್ವ ಪಶ್ಚಿಮವಾಗಿದ್ದವು. ಉತ್ತರ ದಕ್ಷಿಣವಾಗಿ ಹೋಗುವುದಕ್ಕೆ ಹೊಳೆಗಳು ಅಡ್ಡ. ಕಾರವಾರದಿಂದ ಭಟ್ಕಳಕ್ಕೆ ಹೋಗುವವನು ದೋಣಿಗಾಗಿ ದಡದಲ್ಲಿ ಕಾಯಬೇಕಿತ್ತು. ಹೊಳೆಗಳಿಗೆ ಸೇತುವೆ ಬಂದ ಮೇಲೆ ಚಿತ್ರ ಬದಲಾಯಿತು. 1998ರ ಜನವರಿಯಲ್ಲಿ ಕೊಂಕಣ ರೈಲ್ವೆ ಪೂರ್ಣಗೊಂಡಿತು. ಆ ಮಾರ್ಗದ ಅತಿ ಉದ್ದದ ಸೇತುವೆ, ಎರಡು ಕಿಲೋಮೀಟರಿಗೂ ಹೆಚ್ಚು, ಹೊನ್ನಾವರದಲ್ಲಿ ಶರಾವತಿಯ ಮೇಲಿದೆ. ಬಳಿಕ ಹೆದ್ದಾರಿ 66 ನಾಲ್ಕು ಪಥಗಳಾಗತೊಡಗಿತು. ಈ ಎರಡು ದಾರಿಗಳೂ ಪೇಟೆಗಳಿಗಾಗಿ ಹುಟ್ಟಿದವಲ್ಲ. ಮುಂಬಯಿಗೂ ಮಂಗಳೂರಿಗೂ ನಡುವೆ ಓಡುವ ಹೊರೆ ಇಲ್ಲಿ ಇಳಿಯುವುದಿಲ್ಲ. ಕುಮಟೆಯ ಬಳಿ ಹೆದ್ದಾರಿಯ ಬದಿಯಲ್ಲಿ ಜಡೆಯಂತೆ ಹೆಣೆದು ತೂಗುಹಾಕಿದ ಸಿಹಿ ಈರುಳ್ಳಿಯ ಗೊಂಚಲುಗಳನ್ನು ಕಾರು ನಿಲ್ಲಿಸಿ ಕೊಳ್ಳುವವರುಂಟು. ಪೇಟೆಯೊಳಗೆ ಬರುವವರು ಕಡಿಮೆ.

ದಾರಿಗಾಗಿ ಬೆಟ್ಟವನ್ನು ಕಡಿದುದರ ಬೆಲೆ 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಕಂಡಿತು. ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಗಂಗಾವಳಿಯವರೆಗೆ ಹರಿಯಿತು. ದಾರಿಬದಿಯ ಚಹಾದ ಅಂಗಡಿಯ ಮನೆಯವರು, ಚಹಾ ಕುಡಿಯಲು ನಿಂತ ಲಾರಿ ಚಾಲಕರು ಮಣ್ಣಿನಡಿಯಾದರು. ಮೂರು ವಾರ ಕಳೆಯುವಷ್ಟರಲ್ಲಿ, ಆಗಸ್ಟ್ 7ರ ನಡುರಾತ್ರಿ, ಕಾರವಾರದ ಬಳಿ ಕಾಳಿ ನದಿಯ ಹಳೆಯ ಸೇತುವೆ ಮುರಿದುಬಿತ್ತು. ಕಾರವಾರದ ದಕ್ಷಿಣಕ್ಕೆ ನೌಕಾನೆಲೆ ಬಂದು ಮೀನುಗಾರರ ಊರುಗಳು ಒಳಗೊಳ್ಳಲ್ಪಟ್ಟು, ಕಡಲು ಕಾಣದ ಪುನರ್ವಸತಿ ಕಾಲೊನಿಗಳಿಗೆ ಜನ ಹೋದದ್ದು ಇದಕ್ಕೂ ಮುಂಚಿನ ಕಥೆ.

ಘಟ್ಟ ಏರುವ ಹಳೆಯ ಆಸೆ ಮಾತ್ರ ಸತ್ತಿಲ್ಲ. ತೊಂಬತ್ತರ ದಶಕದಲ್ಲಿ ಮಂಜೂರಾದ ಹುಬ್ಬಳ್ಳಿ ಅಂಕೋಲಾ ರೈಲು ಮಾರ್ಗ ಕಾಡಿನ ಪ್ರಶ್ನೆಗೆ ಸಿಲುಕಿ ದಶಕಗಳೇ ಕಳೆದಿವೆ. ಒಂದೂವರೆ ಶತಮಾನದ ಹಿಂದೆ ಹತ್ತಿಗಾಗಿ ಕೇಳಿದ್ದ ರೈಲನ್ನು ಈಚೆಗೆ ಅದಿರಿಗಾಗಿ, ಬಂದರಿಗಾಗಿ ಕೇಳಲಾಯಿತು. ಬೇಕೆನ್ನುವವರಲ್ಲಿ ಕರಾವಳಿಯ ಪೇಟೆಯವರು ಹೆಚ್ಚು, ಬೇಡವೆನ್ನುವವರಲ್ಲಿ ಘಟ್ಟದ ಮೇಲಿನವರು ಹೆಚ್ಚು. ಅಘನಾಶಿನಿಗೆ ಅಣೆಕಟ್ಟು ಬೀಳದೆ ಉಳಿದಿದೆ. ಅದರ ಅಳಿವೆಯಲ್ಲಿ ಉಪ್ಪುನೀರು ಸಹಿಸುವ ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಗಳು, ಚಿಪ್ಪುಮೀನು ಹೆಕ್ಕಿ ಬದುಕುವ ಸಾವಿರಾರು ಜನ. 2024ರ ಆರಂಭದಲ್ಲಿ ಈ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿದೆ. ಅಲ್ಲಿಯೇ, ತದಡಿಯಲ್ಲಿ, ದೊಡ್ಡ ಬಂದರಿನ ಪ್ರಸ್ತಾಪವೂ ಮತ್ತೆ ಮತ್ತೆ ಏಳುತ್ತಲೇ ಬಂದಿದೆ.

ಪೇಟೆಗಳು ಇಂದು ಯಾವ ಕಡೆಗೆ ಮುಖ ಮಾಡಿವೆ ಎಂದು ತಿಳಿಯಬೇಕಾದರೆ ತುರ್ತುವಾಹನ ಎತ್ತ ಓಡುತ್ತದೆಂದು ನೋಡಿದರೆ ಸಾಕು. ಕಾರವಾರದ ರೋಗಿ ಗೋವೆಗೆ, ಶಿರಸಿ ಯಲ್ಲಾಪುರಗಳ ರೋಗಿ ಹುಬ್ಬಳ್ಳಿಗೆ, ಸಿದ್ದಾಪುರದವರು ಶಿವಮೊಗ್ಗಕ್ಕೆ, ಹೊನ್ನಾವರ ಭಟ್ಕಳದವರು ಮಣಿಪಾಲ ಮಂಗಳೂರಿಗೆ. ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಬಂದ ಮೇಲೂ ಈ ಓಟ ನಿಲ್ಲಲಿಲ್ಲ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ತುರ್ತುವಾಹನ ಬೈಂದೂರು ಬಳಿಯ ಸುಂಕದ ಕಟ್ಟೆಯಲ್ಲಿ ಮಗುಚಿ ನಾಲ್ವರು ಸತ್ತರು. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂದು ಜನ ಬೀದಿಗಿಳಿದರು. ಆಸ್ಪತ್ರೆ ಎಲ್ಲಿ ಎಂಬ ಮಾತು ಬಂದೊಡನೆ ಕುಮಟಾ ಎಂದರು ಕೆಲವರು, ಶಿರಸಿ ಎಂದರು ಕೆಲವರು, ಕಾರವಾರ ಎಂದರು ಮತ್ತೆ ಕೆಲವರು. ಘಟ್ಟದ ಮೇಲಿನ ತಾಲ್ಲೂಕುಗಳನ್ನು ಬೇರ್ಪಡಿಸಿ ಶಿರಸಿಯನ್ನು ಜಿಲ್ಲೆ ಮಾಡಬೇಕೆಂಬ ಕೂಗಿನ ಹಿಂದೆಯೂ ಇದೇ ಭೂಗೋಳವಿದೆ. 1862ರಲ್ಲಿ ಹತ್ತಿಯ ಬಂದರಿಗೆ ಒಪ್ಪುವಂತೆ ಜಿಲ್ಲೆಯ ವಾಯವ್ಯ ಮೂಲೆಯಲ್ಲಿ ಇಟ್ಟ ಕೇಂದ್ರಕಚೇರಿ ಇನ್ನೂ ಅಲ್ಲಿಯೇ ಇದೆ. ಒಂದು ಪಹಣಿಯ ತಕರಾರಿಗಾಗಿ ಸಿದ್ದಾಪುರದ ರೈತ ಇಂದಿಗೂ ಘಟ್ಟ ಇಳಿದು, ಅಘನಾಶಿನಿ ಗಂಗಾವಳಿಗಳನ್ನು ದಾಟಿ ಕಾರವಾರಕ್ಕೆ ಹೋಗಿಬರುತ್ತಾನೆ.